ಸಕ್ಕರೆ ಕಾಯಿಲೆಯವರ ಮನೆಯ ಕಿರಾಣಿ ಚೀಟಿ

ಪ್ರಶ್ನೆ: ನಮ್ಮದು ಕಾಲುವೆ ನೀರಾವರಿಯ ಭತ್ತದ ಊರು, ಮೂರು ಹೊತ್ತೂ ಅನ್ನ. ಮಾವನವರಿಗೆ ಸಕ್ಕರೆ ಕಾಯಿಲೆ ಬಂದಿದೆ. ‘ಆರ್‌ಎನ್‌ಆರ್ ಶುಗರ್‌ನವರ ಅಕ್ಕಿ, ಹೊಟ್ಟೆ ತುಂಬ ಉಣ್ಣಬಹುದು’ ಅನ್ನುತ್ತಾರೆ, ನಿಜವೇ? ಸಕ್ಕರೆಯ ಬದಲು ಬೆಲ್ಲ, ಶುಗರ್‌ಲೆಸ್ ಬಿಸ್ಕತ್ತು ತರಬಹುದೆ?
– ಗೃಹಿಣಿ, ಸಿರುಗುಪ್ಪ ತಾಲ್ಲೂಕು

ಉತ್ತರ: ಅರ್ಧ ನಿಜ. ಆರ್‌ಎನ್‌ಆರ್ 15048 ತಳಿಗೆ ತೆಲಂಗಾಣ ಸೋನಾ ಎಂಬ ಹೆಸರೂ ಇದೆ. ಅದರ ಗ್ಲೈಸೆಮಿಕ್ ಸೂಚ್ಯಂಕ 51ರ ಆಸುಪಾಸು, ಸೋನಾ ಮಸೂರಿಯದು 70ರ ಮೇಲೆ. ಆರ್‌ಎನ್‌ಆರ್ ಉಂಡರೆ ಸಕ್ಕರೆ ನಿಧಾನಕ್ಕೆ ಏರುತ್ತದೆ, ಅಷ್ಟೇ. ಎರಡೂ ಅಕ್ಕಿಯ ತೂಕದಲ್ಲಿ ಮುಕ್ಕಾಲು ಪಾಲು ಪಿಷ್ಟವೇ. ತಟ್ಟೆ ತುಂಬ ಬಡಿಸಿದರೆ ತಳಿ ಬದಲಿಸಿದ ಲಾಭವೆಲ್ಲ ಹೋಯಿತು.

ಅದಕ್ಕಿಂತ ಒಂದು ಹೊತ್ತಿನ ಅನ್ನ ಬಿಡಿಸಿ, ಜೋಳದ ರೊಟ್ಟಿ ಮಾಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೊತೆಗೆ ಪುಂಡಿ ಪಲ್ಯವೋ ಹೆಸರುಕಾಳೋ ಇರಲಿ. ರೊಟ್ಟಿಗೂ ಲೆಕ್ಕ ಬೇಕು, ಒಂದೆರಡು ಸಾಕು. ನಮ್ಮ ಬಳ್ಳಾರಿ ಸೀಮೆಯವರು ಮರೆಯುವುದು ಮಂಡಾಳನ್ನು. ಕೈಗೆ ಹಗುರ, ಆದರೆ ಮಂಡಾಳ ಒಗ್ಗರಣೆ ಸಕ್ಕರೆಯನ್ನು ಬಲು ಬೇಗ ಏರಿಸುತ್ತದೆ. ಮಿರ್ಚಿ ಜೊತೆ ದಿನಾ ಬೆಳಿಗ್ಗೆ ಅದೇ ತಿಂಡಿಯಾದರೆ ಔಷಧಿ ಸೋಲುತ್ತದೆ.

ಬೆಲ್ಲ ಬೇಡ, ಅದೂ ಸಕ್ಕರೆಯೇ. ಬಿಸ್ಕತ್ತಿನ ಪೊಟ್ಟಣದ ಹಿಂಭಾಗ ಓದಿ. ಹಾಕಿದ ಪದಾರ್ಥಗಳನ್ನು ತೂಕದ ಪ್ರಕಾರ, ಹೆಚ್ಚಿರುವುದನ್ನು ಮೊದಲಿಟ್ಟು ಬರೆದಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದರೆ, ಮುಂದೆ ಏನೇ ಅಚ್ಚಾಗಿರಲಿ, ಅಲ್ಲೇ ಇಟ್ಟು ಬನ್ನಿ. ಹುರಿದ ಶೇಂಗಾ ಒಂದು ಹಿಡಿ ತನ್ನಿ.

ಪ್ರಶ್ನೆ: ಅವ್ವನಿಗೆ ಶುಗರ್, ಬಿಪಿ ಎರಡೂ ಇವೆ, ಈಗ ಕಿಡ್ನಿಯೂ ಸೋತಿದೆ ಎಂದಿದ್ದಾರೆ. ಬಿಪಿಗೆಂದು ಕಡಿಮೆ ಸೋಡಿಯಂ ಉಪ್ಪು ತಂದಿದ್ದೇನೆ. ಸರಿಯೆ?
– ಓದುಗ, ಕುರುಗೋಡು

ಉತ್ತರ: ದಯವಿಟ್ಟು ಆ ಉಪ್ಪನ್ನು ಇಂದೇ ನಿಲ್ಲಿಸಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಸೋತ ಕಿಡ್ನಿ ಪೊಟ್ಯಾಸಿಯಂ ಹೊರಹಾಕಲಾರದು, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಇಷ್ಟು ದಿನ ಆ ಉಪ್ಪು ಬಳಸಿದ್ದನ್ನು ವೈದ್ಯರಿಗೆ ಹೇಳಿ, ರಕ್ತದ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಮಾಮೂಲಿ ಉಪ್ಪನ್ನೇ ಕಡಿಮೆ ಬಳಸಿ; ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರಾ ಚೀಟಿಯಿಂದ ತೆಗೆಯಿರಿ.

ಮೊದಲ ಉತ್ತರದಲ್ಲಿ ಹೇಳಿದ ಕಾಳು, ಸೊಪ್ಪು, ಶೇಂಗಾ ನಿಮ್ಮ ಅವ್ವನಿಗೆ ಹಾಗೇ ಹೊಂದುವುದಿಲ್ಲ. ಪೊಟ್ಯಾಸಿಯಂ ಹೆಚ್ಚೆಂದು ರಿಪೋರ್ಟ್ ಬಂದರೆ ತರಕಾರಿ ಹೆಚ್ಚಿ, ಜಾಸ್ತಿ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿ. ಬೇಳೆ ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು.

ಚೀಟಿಗೆ ಗ್ಲೂಕೋಸ್ ಪುಡಿಯನ್ನೂ ಸೇರಿಸಿ. ಕಿಡ್ನಿ ಸೋತವರಲ್ಲಿ ಇನ್ಸುಲಿನ್, ಕೆಲವು ಮಾತ್ರೆಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ದಿಢೀರನೆ ಇಳಿಯುವುದುಂಟು. ಬೆವರು, ನಡುಕ ಕಂಡರೆ ಎಳನೀರು ಕೊಡಬೇಡಿ, ಅದರಲ್ಲೂ ಪೊಟ್ಯಾಸಿಯಂ ಇದೆ. 15 ಗ್ರಾಂ ಗ್ಲೂಕೋಸನ್ನು ಸ್ವಲ್ಪ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಸಕ್ಕರೆ ನೋಡಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.