ಕಣ್ಣಾಸ್ಪತ್ರೆಗೆ ಅಂತ ಹೇಳಿ ಹೋದದ್ದು

ತುರುವನೂರು
ನವೆಂಬರ್ 2022

ಪುಟ್ಟೀ,

ದೀಪಾವಳಿಗೆ ಬಂದವಳು ಮೂರು ದಿನ ಇದ್ದೆ. ಮೂರು ದಿನವೂ ನಾನು ನಿನ್ನ ಮುಖ ನೋಡಿದೆ, ನೀನು ನನ್ನ ಮುಖ ನೋಡಲಿಲ್ಲ. ಹಬ್ಬದ ದಿನ ನಿಮ್ಮಮ್ಮ ಹೋಳಿಗೆಗೆ ಬೇಳೆ ಬೇಯಿಸಲು ಕುಕ್ಕರ್ ಇಟ್ಟಿದ್ದಳು. ವಿಷಲ್ ಕೂಗುವ ಮೊದಲು ಅದು ಸುಸ್ ಅಂತ ಉಸಿರು ಬಿಡುತ್ತದಲ್ಲ, ಆಗ ಕಣಕ ನಾದುತ್ತಿದ್ದ ನಿನ್ನ ಕೈ ನಿಂತಿತು. ಕಣಕದ ಕೈಯಲ್ಲೇ ಎದ್ದು ಹಿತ್ತಿಲಿಗೆ ಹೋಗಿ, ಗೋಡೆಗೆ ಹಣೆ ಹಚ್ಚಿ ನಿಂತೆ. ನಿಮ್ಮಮ್ಮ "ಒಲೆ ಮುಂದೆ ಸೆಕೆ ಆಗಿರಬೇಕು" ಅಂದಳು. ಮೂವತ್ತೆಂಟು ವರ್ಷ ನರ್ಸಮ್ಮ ಅನ್ನಿಸಿಕೊಂಡವಳಿಗೆ ಸೆಕೆ ಯಾವುದು, ಆಕ್ಸಿಜನ್ ಸಿಲಿಂಡರಿನ ಸದ್ದು ಯಾವುದು ಅಂತ ತಿಳಿಯುವುದಿಲ್ಲವೇ?

ಈಗ ಕೇಳಿದರೆ ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೀಯಂತೆ. ಡಾಕ್ಟರಿಗೆ ತೋರಿಸೇ ಅಂದರೆ "ನನಗೇನು ತಲೆ ಕೆಟ್ಟಿದೆಯಾ" ಅಂದೆಯಂತೆ. ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು, ಮರುಕವಲ್ಲ. ಮುಚ್ಚಿಡಬೇಡಿ, ಏನಿದ್ದರೂ ಹೇಳಿ ಅಂತ ದಿನಕ್ಕೆ ನೂರು ರೋಗಿಗಳಿಗೆ ಹೇಳುವ ಬಾಯಿ ನಿನ್ನದು.

ಕೆಲಸ ಬಿಡುವುದು, ಇರುವುದು ನಿನ್ನಿಷ್ಟ. ಎರಡೂ ಕಡೆ ತೂಗಿ ಬರೆಯುತ್ತೇನೆ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೇನೆ. ನೋಡೋಣ, ಆಗುತ್ತದೋ ಇಲ್ಲವೋ. ಅದಕ್ಕೆ ಮೊದಲು ನನ್ನದೊಂದು ಕಥೆ ಇದೆ. ನಿಮ್ಮ ಮಾವನಿಗೂ ಪೂರ್ತಿ ಹೇಳಲಿಲ್ಲ, ಅಷ್ಟರಲ್ಲಿ ಅವರು ಹೋಗಿಬಿಟ್ಟರು.

1976. ತುರ್ತು ಪರಿಸ್ಥಿತಿಯ ಕಾಲ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆರೋಗ್ಯ ಉಪಕೇಂದ್ರವಿದ್ದ ಊರಿನ ಹೆಸರು ಬೇಡ, ಈ ಕಥೆಯ ಮನೆಯವರು ಇನ್ನೂ ಅಲ್ಲಿದ್ದಾರೆ. ತಿಂಗಳಿಗೆ ಇಷ್ಟು 'ಕೇಸು' ಅಂತ ಟಾರ್ಗೆಟ್ ಇತ್ತು. ಕೇಸು ಅಂದರೆ ಸಂತಾನಹರಣ ಚಿಕಿತ್ಸೆಗೆ ಒಪ್ಪಿಸಿ ಕರೆದೊಯ್ಯುವ ಮನುಷ್ಯರು. ಸಂಖ್ಯೆ ಮುಟ್ಟದಿದ್ದರೆ ನನ್ನ ಸಂಬಳ ನಿಲ್ಲುತ್ತಿತ್ತು. ಆ ಒಂದು ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ ನನ್ನ ಪಾಲು ಹದಿನೇಳು. ಬಿಳಿ ಸೀರೆ ದೂರದಲ್ಲಿ ಕಂಡರೆ ಸಾಕು, ಗಂಡಸರು ಜೋಳದ ಹೊಲಕ್ಕೆ ಇಳಿದು ಮಾಯವಾಗುತ್ತಿದ್ದರು.

ಹದಿನೇಳರಲ್ಲಿ ಒಬ್ಬಳಿಗೆ ಎರಡು ಗಂಡುಮಕ್ಕಳು. ಎರಡು ಗಂಡಿವೆ, ಇನ್ನೇನು ಬೇಕೇ ನಿನಗೆ ಅಂತ ನಾನೇ ಒಪ್ಪಿಸಿದೆ. ಅವಳಿಗೂ ಒಳಗೊಳಗೆ ಬೇಕಾಗಿಯೇ ಇತ್ತು ಅಂತ ಇವತ್ತಿಗೂ ನನ್ನ ನಂಬಿಕೆ. 1978ರ ಬೇಸಿಗೆಯಲ್ಲಿ ಊರಿಗೆ ದಡಾರ ಬಂತು. ಅದರ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ, ಆಗಿನ್ನೂ ಏಳು ವರ್ಷ ದೂರ. ಜನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಹತ್ತು ದಿನದೊಳಗೆ ಅವಳ ಎರಡೂ ಮಕ್ಕಳು ಹೋದವು.

ಅವಳು ಬೈಯಲಿಲ್ಲ. ಗುರುವಾರ ಗುರುವಾರ ಬಂದು ಉಪಕೇಂದ್ರದ ಬಾಗಿಲಲ್ಲಿ ಕೂರುತ್ತಿದ್ದಳು, ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದಳು. ಒಂದು ಸಲ ಮಾತ್ರ ಕೇಳಿದಳು: "ಹಾಕಿದ ಗಂಟು ಬಿಚ್ಚೋಕೆ ಬರ್ತದೇನು ನರ್ಸಮ್ಮ?"

ನನ್ನ ನಿದ್ದೆ ಹೋದದ್ದು ಅಲ್ಲಿಂದ. ಆಗ ಗಾಜಿನ ಸಿರಿಂಜು. ಸೀಮೆಎಣ್ಣೆ ಸ್ಟವ್ ಹೊತ್ತಿಸಿ, ಸ್ಟೆರಿಲೈಜರಿಗೆ ನೀರು ಹಾಕಿ ಕುದಿಸಬೇಕು. ನಾನು ಕುದಿಸಿ ತೆಗೆದಿಟ್ಟು, ಸರಿಯಾಗಲಿಲ್ಲವೇನೋ ಅಂತ ಮತ್ತೆ ಕುದಿಸುತ್ತಿದ್ದೆ. ಸಂಜೆ ಶುರುವಾದರೆ ಸರಿರಾತ್ರಿಯವರೆಗೂ ಅದೇ ಕೆಲಸ. ಒಂದು ರಾತ್ರಿ ನೀರು ಬತ್ತಿದ್ದು ಗೊತ್ತಾಗದೆ ಸ್ಟವ್ ಮುಂದೆ ಕೂತಿದ್ದೆ. ಟಣ್ ಅಂತ ಒಂದು ಸೀಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆರೂ ಒಡೆಯುವವರೆಗೆ ನಾನು ಕೈ ಚಾಚಲಿಲ್ಲ. ಮೇಲಿನವರು ಬಂದು ಸಿರಿಂಜಿನ ದುಡ್ಡನ್ನು ಸಂಬಳದಲ್ಲಿ ಹಿಡಿದರು. ಅಪರಾತ್ರಿಯಲ್ಲಿ ಇವಳು ಯಾಕೆ ಸಿರಿಂಜು ಕುದಿಸುತ್ತಿದ್ದಳು ಅಂತ ಒಬ್ಬರೂ ಕೇಳಲಿಲ್ಲ. ಗಾಳಿ ಸೋಕಿದೆ ಅಂತ ನಿಮ್ಮ ಮಾವ ತಾಯಿತ ಕಟ್ಟಿಸಿದರು. ಪಾಪ, ಅವರಿಗೆ ತಿಳಿದದ್ದು ಅಷ್ಟೇ.

1980ರಲ್ಲಿ ಓಡಾಡಿ ವರ್ಗ ಮಾಡಿಸಿಕೊಂಡೆ. ಇದನ್ನು ಗಮನವಿಟ್ಟು ಓದು, ನಿನಗೆ ಬೇಕಾದದ್ದು ಇದೇ. ಊರು ಬೇರೆ, ಕಟ್ಟಡ ಬೇರೆ, ಜನ ಒಳ್ಳೆಯವರು. ಆದರೂ ಗುರುವಾರ ಬಂದರೆ ನಾನು ಬಾಗಿಲು ನೋಡುತ್ತಿದ್ದೆ. ಅಲ್ಲಿ ಯಾರೂ ಇರುತ್ತಿರಲಿಲ್ಲ, ನಾನು ನೋಡುವುದು ಮಾತ್ರ ನಿಲ್ಲಲಿಲ್ಲ.

1985ರ ಹೊತ್ತಿಗೆ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಹೊಸದೊಂದು ಕೆಲಸ ಶುರು ಮಾಡಿದರು. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಯಾಕೆ ಬರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನಮ್ಮಂಥ ಕಾರ್ಯಕರ್ತೆಯರಿಗೇ ಗುರುತಿಸಲು ಕಲಿಸೋಣ ಅಂತ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇದು ನಮ್ಮ ನೆಲದಲ್ಲಿ ಹುಟ್ಟಿದ್ದು ಅಂತ ನಿಮಗೆ ಯಾರೂ ಪಾಠದಲ್ಲಿ ಹೇಳಿರಲಿಕ್ಕಿಲ್ಲ. ಅಲ್ಲಿ ಕೆಲಸಕ್ಕಿದ್ದ ಗೆಳತಿಯೊಬ್ಬಳು ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಿಕೆ ತಂದು ತೋರಿಸಿದಳು. ನಿದ್ದೆ ಬಾರದವರು, ಮಾಡಿದ್ದನ್ನೇ ಮಾಡುವವರು, ಬದುಕಿ ಏನು ಪ್ರಯೋಜನ ಅನ್ನುವವರು ಹಳ್ಳಿಯಲ್ಲಿ ಕಂಡರೆ ಏನು ಮಾಡಬೇಕು ಅಂತ ಇತ್ತು. ಓದುತ್ತಾ ನನ್ನ ಕೈ ತಣ್ಣಗಾಯಿತು. ಹಳ್ಳಿಯಲ್ಲಿ ಹುಡುಕಬೇಕಾದವಳು ಕುರ್ಚಿಯಲ್ಲಿ ಕೂತು ಅದನ್ನು ಓದುತ್ತಿದ್ದಳು.

ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ ಬರುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಬೆಂಗಳೂರಿನ ಬಸ್ಸು ಹತ್ತಿದೆ. ಹೋದದ್ದು ಹೊಸೂರು ರಸ್ತೆಗೆ. ಆಗ ನಿಮ್ಹಾನ್ಸ್ ಅಂದರೆ ಯಾರಿಗೆ ಗೊತ್ತು, ಎಲ್ಲರ ಬಾಯಲ್ಲೂ ಹುಚ್ಚಾಸ್ಪತ್ರೆ. ಗೇಟಿನ ಎದುರು ಒಂದು ಗಂಟೆ ನಿಂತೆ. ಒಳಗಿದ್ದ ಡಾಕ್ಟರು ನಿದ್ದೆ, ಊಟ ಎಲ್ಲ ವಿಚಾರಿಸಿ, ಕೊನೆಗೆ "ಆ ಹೆಂಗಸಿನ ಹೆಸರೇನಮ್ಮ?" ಅಂದರು. ಅಷ್ಟು ವರ್ಷ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಹೇಳಿದೆ. ಆಮೇಲೆ ಅತ್ತದ್ದು ಎಷ್ಟು ಹೊತ್ತೋ! ಮಾತ್ರೆ ಒಂದೂವರೆ ವರ್ಷ ನುಂಗಿದೆ. ಎಲ್ಲ ಮರೆತು ಹೋಯಿತು ಅಂತ ಸುಳ್ಳು ಹೇಳಲಾರೆ, ಆದರೆ ಗುರುವಾರ ಮತ್ತೆ ಬರೀ ಗುರುವಾರವಾಯಿತು.

ನಿನ್ನದು ನನಗಿಂತ ದೊಡ್ಡದು, ಒಪ್ಪಿದೆ. ಕೊರೊನಾ ಬಂತು. 2020ರ ಮಾರ್ಚ್ 22ರ ಸಂಜೆ ನಿಮ್ಮಂಥವರಿಗೆ ವಂದನೆ ಅಂತ ಊರೆಲ್ಲ ತಟ್ಟೆ ಬಡಿಯಿತು. ಮುಂದಿನ ತಿಂಗಳಿಗೆ ನಿನ್ನ ಬಾಡಿಗೆ ಮನೆಯವರು ರೂಮು ಖಾಲಿ ಮಾಡು ಅಂದರು. ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೇ ಜನ ನುಗ್ಗಿದ್ದರು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಜನಕ್ಕೆ ಸೋಂಕು ಅಂತ ಟಿವಿಯಲ್ಲಿ ಬಂತು. ಆ ವಾರ ನೀನು ಫೋನ್ ಮಾಡಿ "ಅತ್ತೆ, ಹಾಸಿಗೆ ಯಾರಿಗೆ ಅಂತ ನನ್ನನ್ನೇ ಕೇಳ್ತಾರೆ" ಅಂದೆ. ನಾನು "ಧೈರ್ಯವಾಗಿರು" ಅಂದೆ. ಎಂಥ ದಡ್ಡ ಮಾತು! ನಿಮ್ಮ ದೊಡ್ಡಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1939ರಲ್ಲಿ ಈಚಲು ಮರಕ್ಕೆ ಕೊಡಲಿ ಹಾಕಿ ಸತ್ಯಾಗ್ರಹ ಮಾಡಿದ ತುರುವನೂರಿನ ಮಗಳು ನೀನು, ಹೆದರಬಾರದು ಅಂತ ಭಾಷಣ ಮಾಡಿದ. ಮರ ಕಡಿಯುವ ಧೈರ್ಯ ಬೇರೆ, ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಮಲಗುವುದು ಬೇರೆ.

ಈ ಭಾರ ಒಬ್ಬೊಬ್ಬರ ತಲೆಯ ದೋಷವಲ್ಲ ಅಂತಲೂ ನನಗೆ ಗೊತ್ತು. 2020ರ ಆಗಸ್ಟ್‌ನಲ್ಲಿ ಮೈಸೂರು ಜಿಲ್ಲೆಯ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಜೀವ ಕಳೆದುಕೊಂಡಾಗ, ಕೆಲಸದ ಒತ್ತಡವೇ ಕೊಂದಿತು ಅಂತ ವೈದ್ಯರು ಬೀದಿಗಿಳಿದರು. ಅದಕ್ಕೆ ಹಿಂದಿನ ತಿಂಗಳು ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಗೌರವಧನ ಕೊಡಿ ಅಂತ ಕೆಲಸ ನಿಲ್ಲಿಸಿದ್ದರು. ಮೂವರ ಕೆಲಸ ಒಬ್ಬಳ ಮೇಲೆ ಹೇರಿ, ಆಮೇಲೆ ಕೌನ್ಸೆಲಿಂಗ್ ತಗೋ, ಯೋಗ ಮಾಡು ಅನ್ನುವವರ ಮೇಲೆ ನನಗೂ ಸಿಟ್ಟಿದೆ.

ಹಾಗಂತ ನೀನು ಮಾಡುತ್ತಿರುವುದು ಸರಿಯೇನೇ? ರಾಜೀನಾಮೆ ಬಿಸಾಡಿ ಬರುತ್ತೀಯ, ನಿಮ್ಮಮ್ಮ ಗಂಡು ಹುಡುಕುತ್ತಾಳೆ, ಅಲ್ಲೂ ಒಲೆ ಇರುತ್ತದೆ, ಕುಕ್ಕರ್ ಇರುತ್ತದೆ. ಆಗ ಯಾವ ಹಿತ್ತಿಲಿಗೆ ಓಡುತ್ತೀಯ? ಸಂಬಂಧ ತಪ್ಪುತ್ತದೆ ಅನ್ನುವ ಹೆದರಿಕೆಗೆ ರೋಗ ಬಚ್ಚಿಟ್ಟು ಮದುವೆಯಾಗುವುದು ನರ್ಸ್ ಮಾಡುವ ಕೆಲಸವಲ್ಲ, ಮುಟ್ಠಾಳಿ ಮಾಡುವ ಕೆಲಸ.

ಜೋರಾಯಿತು. ಬರೆದದ್ದನ್ನು ಹೊಡೆದುಹಾಕೋಣ ಅಂದುಕೊಂಡೆ, ಇರಲಿ ಬಿಡು. ಚಿಕ್ಕವಳಿದ್ದಾಗ ಇಂಜೆಕ್ಷನ್‌ಗೆ ಅಳುತ್ತಿದ್ದೆ, ನಾನು ಬೈದ ಮೇಲೇ ತೋಳು ಕೊಡುತ್ತಿದ್ದೆ.

ಬಿಡಲೇಬೇಕೆಂದರೆ ಬಿಡು, ಆದರೆ ಆರು ತಿಂಗಳು ತಡೆ. ಮೊದಲು ರಜೆ ಹಾಕು. ಕಳೆದ ತಿಂಗಳು 10ನೇ ತಾರೀಖು ಮನಸ್ಸಿನ ತೊಂದರೆಗೆ ಟೆಲಿಮಾನಸ್ ಅಂತ ಫೋನ್ ಸಹಾಯವಾಣಿ ಶುರುವಾಗಿದೆ, 14416. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಧ್ಯರಾತ್ರಿ ಎಚ್ಚರವಾದಾಗ ನಿಮ್ಮಮ್ಮನನ್ನು ಎಬ್ಬಿಸಲು ಸಂಕೋಚವಾದರೆ ಅದಕ್ಕೆ ಮಾಡು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರಿಂದ ಹಿಡಿದು ಎಲ್ಲರೂ ನಿನ್ನ ಪರಿಚಯದವರೇ, ನಾಚಿಕೆ ಅಂತೀಯ. ಆಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅಂತ ಇದೆ. ಮಂಗಳವಾರ ಒಳ್ಳೆ ಕೆಲಸ ಶುರು ಮಾಡಬಾರದು ಅಂತ ನಿಮ್ಮಜ್ಜಿ ತಕರಾರು ತೆಗೆಯುತ್ತಾಳೆ, ಅವಳಿಗೆ ನಾನು ಹೇಳಿಕೊಳ್ಳುತ್ತೇನೆ.

ಸೋಮವಾರ ರಾತ್ರಿ ಊರಿಗೆ ಬಾ. ಮಂಗಳವಾರ ಬೆಳಿಗ್ಗೆ ಚಳ್ಳಕೆರೆ ಬಸ್ಸಿಗೆ ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ, ಬುತ್ತಿ ನಾನೇ ಕಟ್ಟಿಕೊಂಡು ಬರುತ್ತೇನೆ. ಎಲ್ಲಿಗೆ ಅಂತ ಯಾರಾದರೂ ಕೇಳಿದರೆ, ಅತ್ತೆ ಕಣ್ಣು ತೋರಿಸೋಕೆ ಅಂತ ಹೇಳು. ನಿಜಕ್ಕೂ ಪೊರೆ ಬಂದಿದೆ, ಈ ಸಲ ಅದು ಪೂರ್ತಿ ಸುಳ್ಳೂ ಆಗುವುದಿಲ್ಲ.

ನಿನ್ನ
ನರ್ಸತ್ತೆ