ವೇಗ ಅಳೆಯುವ ಕ್ಯಾಮೆರಾ ಮತ್ತು ನಮ್ಮೂರ ರಸ್ತೆ



ನವುಲೆಯಿಂದ ಸವಳಂಗದ ಕಡೆಗೆ ಹೋಗುವ ರಸ್ತೆಯನ್ನು ತಾವು ದಿನವೂ ದಾಟುವವರೇ. ಕೃಷಿ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಕ್ರಿಕೆಟ್ ಮೈದಾನ ಇರುವುದೂ ಇದೇ ಊರಿನಲ್ಲಿ. ಹುಲ್ಲಿನ ಹೊರೆ ಹೊತ್ತ ತಾಯಂದಿರು, ಗೊಬ್ಬರ ತುಂಬಿದ ಟ್ರಾಕ್ಟರು, ಕಾಲೇಜು ಹುಡುಗರ ಬೈಕು, ಶಿಕಾರಿಪುರದ ಬಸ್ಸು ಎಲ್ಲಕ್ಕೂ ದಾರಿ ಒಂದೇ. ಮೊನ್ನೆ ಈ ವಿಷಯ ಮಾತಾಡುವಾಗ ಹಿರಿಯರೊಬ್ಬರು, "ಕ್ಯಾಮೆರಾ ಅಂದ್ರೆ ದಂಡ ವಸೂಲಿ ಮಾಡೋ ಪೆಟ್ಟಿಗೆ, ಅಲ್ವೇನಪ್ಪಾ?" ಎಂದು ಕೇಳಿದರು. ಆ ಪ್ರಶ್ನೆಗೆ ಅಲ್ಲಿ ಅರ್ಧ ಉತ್ತರ ಕೊಟ್ಟು ಬಂದೆ. ಉಳಿದರ್ಧ ಇಲ್ಲಿದೆ.

ಮೊದಲು ವೇಗದ ಲೆಕ್ಕವನ್ನು ನೋಡೋಣ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಬರುತ್ತದೆ. 80ರ ವೇಗದ್ದು 22 ಮೀಟರ್. ದಾರಿಗೆ ಅಡ್ಡ ಬಂದ ಕರುವನ್ನು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೇ ಸುಮಾರು ಒಂದು ಸೆಕೆಂಡು ಬೇಕು. ಆಮೇಲೆ ಗಾಡಿ ನಿಲ್ಲಬೇಕು. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ಓಡುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು ಆಗುತ್ತದೆ. ಒಣ ರಸ್ತೆಯಲ್ಲಿ 40ರ ಕಾರು ಒಟ್ಟು ಸುಮಾರು 20 ಮೀಟರಿನಲ್ಲಿ ನಿಂತರೆ, 80ರ ಕಾರಿಗೆ 55 ಮೀಟರಿಗೂ ಹೆಚ್ಚು ಬೇಕು. ನಮ್ಮ ಮಲೆನಾಡ ಸೆರಗಿನ ಮಳೆಗಾಲದಲ್ಲಿ ಇದು ಇನ್ನೂ ಬೆಳೆಯುತ್ತದೆ.

ಇದನ್ನೇ ದಾಟುವವರ ಕಡೆಯಿಂದ ನೋಡಿರಿ. ರಸ್ತೆ ಏಳು ಮೀಟರ್ ಅಗಲವಿದೆ ಎನ್ನೋಣ. ವಯಸ್ಸಾದ ಅಜ್ಜಿ ಸೆಕೆಂಡಿಗೆ ಒಂದು ಮೀಟರ್ ನಡೆದರೆ ಆಚೆ ಸೇರಲು ಏಳು ಸೆಕೆಂಡು. ಅಷ್ಟರಲ್ಲಿ 80ರ ಕಾರು 155 ಮೀಟರ್ ಬಂದುಬಿಡುತ್ತದೆ. ಅಜ್ಜಿ ಹೆಜ್ಜೆ ಇಟ್ಟಾಗ ಆ ಕಾರು ತಿರುವಿನ ಆಚೆ ಇತ್ತು, ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ಜನ "ಅಜ್ಜಿ ನೋಡದೆ ದಾಟಿದಳು" ಎನ್ನುತ್ತಾರೆ. ಈ ಮಾತು ನನಗೆ ಸರಿಕಾಣುವುದಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗ ಕಾರಣವೆಂದು ಅದರಲ್ಲಿ ಬರೆದಿದೆ. ಅವಸರದಿಂದ ಆದ ಲಾಭವಾದರೂ ಎಷ್ಟು? ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. 60ರ ವೇಗದಲ್ಲಿ 20 ನಿಮಿಷ, 80ರಲ್ಲಿ 15 ನಿಮಿಷ. ಉಳಿದ ಐದು ನಿಮಿಷ ಒಂದು ಲೋಟ ಕಾಫಿಗೆ ಸರಿಹೋಗುತ್ತದೆ.

ಇನ್ನು ಕ್ಯಾಮೆರಾ ವೇಗವನ್ನು ತಿಳಿಯುವುದು ಹೇಗೆ? ಬಸ್ಸು ಹಾರನ್ ಒತ್ತಿಕೊಂಡೇ ಹತ್ತಿರ ಬರುವಾಗ ದನಿ ಕೀರಲಾಗಿ, ನಮ್ಮನ್ನು ದಾಟಿದ ಕೂಡಲೇ ದಪ್ಪಗಾಗುವುದನ್ನು ತಾವು ಕೇಳಿದ್ದೀರಿ. ರೇಡಾರ್ ಯಂತ್ರವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅದು ಕಣ್ಣಿಗೆ ಕಾಣದ ಅಲೆಗಳನ್ನು ಗಾಡಿಯ ಮೇಲೆ ಕಳಿಸಿ, ಮರಳಿ ಬಂದ ಅಲೆ ಎಷ್ಟು ಬದಲಾಗಿದೆ ಎಂಬುದರಿಂದ ವೇಗವನ್ನು ಲೆಕ್ಕ ಹಾಕುತ್ತದೆ. ಮಿತಿ ಮೀರಿದ್ದರೆ ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ. ಕಂಪ್ಯೂಟರು ನಂಬರನ್ನು ಓದುತ್ತದೆ. ಮಾಲೀಕನ ವಿಳಾಸಕ್ಕೆ ನೋಟೀಸು ಬರುತ್ತದೆ. ಈ ಬಗೆಯ ಕ್ಯಾಮೆರಾವನ್ನು ಹೆಸರುವಾಸಿ ಮಾಡಿದ ಹಾಲೆಂಡಿನ ಗಾಟ್ಸೊನೀಡಸ್ ಎಂಬಾತ ಸ್ವತಃ ಕಾರು ರ‍್ಯಾಲಿಯ ಓಟಗಾರ. ತಿರುವಿನಲ್ಲಿ ತಾನು ಎಷ್ಟು ವೇಗವಾಗಿ ಹೋಗಬಲ್ಲೆ ಎಂದು ಅಳೆಯಲು ಮಾಡಿಕೊಂಡ ಯಂತ್ರ ಕೊನೆಗೆ ಪೊಲೀಸರ ಕೈ ಸೇರಿತು!

ಇನ್ನೊಂದು ಬಗೆಯೂ ಇದೆ. ಎರಡು ಕಡೆ ಕ್ಯಾಮೆರಾ ಇಟ್ಟು, ನಡುವಿನ ದೂರವನ್ನು ಗಾಡಿ ಎಷ್ಟು ಹೊತ್ತಿನಲ್ಲಿ ಕ್ರಮಿಸಿತು ಎಂದು ನೋಡುವುದು. ಹತ್ತು ಕಿಲೋಮೀಟರನ್ನು ಆರು ನಿಮಿಷದಲ್ಲಿ ಮುಗಿಸಿದವನು ಸರಾಸರಿ 100ರ ವೇಗದಲ್ಲಿ ಬಂದವನು; ಕ್ಯಾಮೆರಾದ ಮುಂದೆ ಮಾತ್ರ ಸಾಧುವಾಗಿದ್ದರೆ ಪ್ರಯೋಜನವಿಲ್ಲ. ಒಂಟಿ ಕ್ಯಾಮೆರಾದ ದೋಷವೇ ಅದು. ಅದನ್ನು ಕಂಡಾಗ ಬ್ರೇಕು, ದಾಟಿದ ಮೇಲೆ ಮತ್ತೆ ಓಟ.

ಇದರಿಂದ ಗುಣವಿದೆಯೇ ಎಂದರೆ, ಇದೆ. ಫ್ರಾನ್ಸ್ ದೇಶದಲ್ಲಿ 2003ರ ಕೊನೆಗೆ ಇಂಥ ಕ್ಯಾಮೆರಾಗಳನ್ನು ಹಾಕಲು ತೊಡಗಿದರು. 2002ರಲ್ಲಿ ಅಲ್ಲಿ 7,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತಿದ್ದರು. 2006ರಲ್ಲಿ ಆ ಸಂಖ್ಯೆ 5,000ಕ್ಕಿಂತ ಕೆಳಗಿಳಿಯಿತು. ನಮ್ಮ ನಾಡಿನಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ನೋಡಿರಿ. 2023ರ ಮಾರ್ಚಿಯಲ್ಲಿ ಅದರ ಉದ್ಘಾಟನೆಯಾಯಿತು. ಆ ವರ್ಷದ ಮೊದಲ ತಿಂಗಳುಗಳಲ್ಲೇ ಸಾವುಗಳು ಸಾಲುಸಾಲಾಗಿ ಸುದ್ದಿಯಾದವು. ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತರು, ಬರಬರುತ್ತ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ 130ರ ವೇಗ ಮೀರಿದವರ ಮೇಲೆ ಮೊಕದ್ದಮೆಯನ್ನೇ ಹೂಡುವುದಾಗಿ ಸಾರಿದರು. ಸಾವುಗಳು ಕಡಿಮೆಯಾದವು.

ಆದರೆ ಇಷ್ಟಕ್ಕೇ ಹೊಗಳಿ ಮುಗಿಸಿದರೆ ಅರ್ಧ ಸತ್ಯವಾದೀತು. 2023ರ ಆಗಸ್ಟ್ 1ರಿಂದ ಅದೇ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರಾಕ್ಟರುಗಳನ್ನೂ ನಿಷೇಧಿಸಿದರು. ಸಾವು ಇಳಿದುದರಲ್ಲಿ ಕ್ಯಾಮೆರಾದ ಪಾಲೆಷ್ಟು, ನಿಷೇಧದ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಅಲ್ಲಿ ರೈತನ ಟ್ರಾಕ್ಟರಿಗೆ ಪಕ್ಕದ ಸರ್ವೀಸ್ ರಸ್ತೆ ಇದೆ. ನಮ್ಮೂರ ರಸ್ತೆಯಲ್ಲಿ ಯಾರನ್ನು ಎಲ್ಲಿಗೆ ಸರಿಸುವುದು? ಆದ್ದರಿಂದ ಇಲ್ಲಿ ವೇಗದ ಗಾಡಿಯೇ ನಿಧಾನವಾಗಬೇಕು. ಕ್ಯಾಮೆರಾ ಬೇಕೆಂದು ನಾನು ಹೇಳುವುದಕ್ಕೆ ಕಾರಣ ಇದು.

ದಂಡದ ಭಯಕ್ಕೆ ಬರುತ್ತೇನೆ. ಮಂಡಿಯ ತಕ್ಕಡಿಗೆ ಮುದ್ರೆ ಇದೆಯೇ ಎಂದು ನೋಡಿಯೇ ಅಡಿಕೆ ತೂಗಿಸುವವರು ತಾವು. ಕ್ಯಾಮೆರಾಕ್ಕೂ ಅಂಥ ಕಟ್ಟುಪಾಡು ಇದೆ. ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಯಂತ್ರಕ್ಕೆ ಪ್ರಮಾಣಪತ್ರವಿರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗಕ್ಕೆ ಮೊದಲೇ ಎಚ್ಚರಿಕೆಯ ಫಲಕ ಹಾಕಬೇಕು. ತಪ್ಪು ನಡೆದ 15 ದಿನದೊಳಗೆ ನೋಟೀಸು ಕಳಿಸಬೇಕು ಎಂದೂ ಅದರಲ್ಲಿ ಹೇಳಿತ್ತು. ಟ್ರಾಕ್ಟರು ಓಡಿಸುವ ತಮಗೆ ವೇಗದ ದಂಡ ಬೀಳುವ ಸಂಭವ ಕಡಿಮೆ. ಆದರೆ ಶಿವಮೊಗ್ಗ ನಗರದ ವೃತ್ತಗಳಲ್ಲಿರುವ ಕ್ಯಾಮೆರಾಗಳು ಹೆಲ್ಮೆಟ್ಟನ್ನೂ ಸಿಗ್ನಲ್ಲನ್ನೂ ನೋಡುತ್ತವೆ. ಬೈಕಿನಲ್ಲಿ ಪೇಟೆಗೆ ಹೋಗುವ ಮಕ್ಕಳಿಗೆ ಇದನ್ನು ತಿಳಿಸಿರಿ.

ಕ್ಯಾಮೆರಾದ ಕೈಲಾಗದ ಕೆಲಸವೂ ಇದೆ. ಕತ್ತಲಲ್ಲಿ ಹಿಂದೀಪವಿಲ್ಲದೆ ನಿಂತ ಟ್ರೈಲರನ್ನು ಅದು ಯಾರಿಗೂ ತೋರಿಸಿಕೊಡುವುದಿಲ್ಲ. ಮೆಕ್ಕೆಜೋಳದ ಕಾಲ ಬಂತೆಂದರೆ ಅರ್ಧ ರಸ್ತೆ ನಮ್ಮ ಕಣವಾಗುತ್ತದೆ. ಸುತ್ತ ಇಟ್ಟ ಕಲ್ಲುಗಳು ರಾತ್ರಿ ಅಲ್ಲೇ ಉಳಿಯುತ್ತವೆ. ಬೇರೆ ಕಣವಿಲ್ಲದ ಸಣ್ಣ ಹಿಡುವಳಿದಾರರ ಕಷ್ಟ ನನಗೆ ಗೊತ್ತು. ಆದರೂ ಸಂಜೆಯಾಗುವ ಮೊದಲು ಕಲ್ಲನ್ನಾದರೂ ತೆಗೆಯಿರಿ, ಟ್ರೈಲರಿನ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿರಿ.

ಕ್ಯಾಮೆರಾ ಬೇಕೆಂದು ಕೇಳುವುದಾದರೆ ಕೈಯಲ್ಲಿ ಲೆಕ್ಕವಿರಲಿ. ಅದಕ್ಕೆ ದೊಡ್ಡ ಯಂತ್ರ ಬೇಡ. ಊರ ಬಾಗಿಲಲ್ಲಿ ನೇರವಾದ ರಸ್ತೆಯ ಪಕ್ಕ ಟೇಪಿನಿಂದ 100 ಮೀಟರ್ ಅಳೆದು ಎರಡು ಗೂಟ ನೆಡಿರಿ. ಗಾಡಿ ಮೊದಲ ಗೂಟ ದಾಟಿದಾಗ ಅಲ್ಲಿರುವವನು ಟವೆಲು ಬೀಸಲಿ. ಎರಡನೆಯ ಗೂಟದ ಬಳಿ ಇರುವವನು ಮೊಬೈಲಿನ ಸ್ಟಾಪ್‌ವಾಚ್ ಒತ್ತಲಿ. ಒಂಬತ್ತು ಸೆಕೆಂಡಾದರೆ ವೇಗ 40, ಆರಾದರೆ 60, ನಾಲ್ಕೂವರೆಯಾದರೆ 80. ಬೆಳಿಗ್ಗೆ ಶಾಲೆಯ ಹೊತ್ತಿಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಒಂದು ವಾರ ಬರೆದಿಡಿರಿ. ಅಪಘಾತಗಳಾದ ಜಾಗ, ತಿಂಗಳು, ಹೊತ್ತು ಇವನ್ನೂ ಸೇರಿಸಿ, ಗ್ರಾಮಸಭೆಯ ನಿರ್ಣಯದೊಡನೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿರಿ. ಅವರು ಕ್ಯಾಮೆರಾವನ್ನೇ ಕೊಟ್ಟಾರು, ಇಲ್ಲವೇ ಉಬ್ಬು, ಫಲಕ, ದೀಪ ಹಾಕಿಸಿಯಾರು.

ಅಳೆಯುವ ಹುಡುಗರು ರಸ್ತೆಯ ಅಂಚಿನಿಂದ ಮೂರು ಮಾರು ಆಚೆ ನಿಲ್ಲಲಿ, ಗಾಡಿ ತಡೆಯಲು ಹೋಗಬಾರದು. 100 ಮೀಟರಿನ ಟೇಪು ನನ್ನ ಹತ್ತಿರ ಇದೆ. ಬೇಕಾದ ಊರಿನವರು ಎರಡು ದಿನ ಮುಂಚೆ ತಿಳಿಸಿದರೆ ತಂದುಕೊಡುತ್ತೇನೆ.

— ಗ್ರಾಮಸೇವಕ, ನವುಲೆ