ಕೊಳ್ಳುವ ರುಚಿ, ಕುಡಿಯುವ ರುಚಿ

ಅನ್ನಪೂರ್ಣೇಶ್ವರಿ ನಗರದ ನಮ್ಮ ರಸ್ತೆಯ ಪ್ರಾವಿಷನ್ ಸ್ಟೋರಿಗೆ ಹೋಗಿ ‘ಊಲಾಂಗ್ ಟೀ ಇದೆಯಾ?’ ಅಂತ ಕೇಳಿದರೆ ಅಂಗಡಿಯವರು ಗ್ರೀನ್ ಟೀ ಡಬ್ಬ ತೆಗೆದು ಮುಂದಿಡುತ್ತಾರೆ. ಅವರನ್ನು ದೂರುವಂತಿಲ್ಲ. ನಾಗರಬಾವಿ, ಸುಂಕದಕಟ್ಟೆ, ಮಲ್ಲತ್ತಹಳ್ಳಿ ಸುತ್ತಿನ ಈ ಭಾಗದಲ್ಲಿ ಬೆಳಿಗ್ಗೆ ಫಿಲ್ಟರ್ ಕಾಫಿ, ಸಂಜೆ ಹಾಲು ಹಾಕಿ ಕುದಿಸಿದ ಟೀ. ಇವೆರಡರ ನಡುವೆ ಮೂರನೆಯದಕ್ಕೆ ಜಾಗ ಮಾಡಿಕೊಂಡವರು ಕಡಿಮೆ. ಆ ಕಡಿಮೆ ಮಂದಿಯಲ್ಲಿ ನಾನೂ ಒಬ್ಬ. ಪೀಣ್ಯದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನನ್ನ ಕೆಲಸ. ಬಂದ ಮಾಲನ್ನು, ಕಳಿಸಿದವರ ಮಾತು ನಂಬದೆ, ಅಳೆದು ನೋಡಿ ಒಳಗೆ ಬಿಡುವುದು. ಟೀ ಹುಚ್ಚು ಹತ್ತಿ ವರ್ಷಗಳಾದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಊಲಾಂಗ್ ಕೊಳ್ಳುವಾಗಲೂ ಅದೇ ಕೆಲಸ ಮಾಡಬೇಕು. ಕೊಳ್ಳಲು ನೋಡುವ ರುಚಿಯೇ ಬೇರೆ, ಕೊಂಡ ಮೇಲೆ ಕುಡಿಯುವ ರುಚಿಯೇ ಬೇರೆ.

ಊಲಾಂಗ್ ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ತೂಕ ಇಳಿಸುವ ಔಷಧಿ ಎಂಬಂತೆ ಮಾರುವವರು ಹೆಚ್ಚಾಗಿದ್ದಾರೆ. ಇದು ಬೇರೆ ಗಿಡವಲ್ಲ. ಗ್ರೀನ್ ಟೀ, ನಮ್ಮ ಮಾಮೂಲಿ ಕಪ್ಪು ಟೀ, ಊಲಾಂಗ್ ಮೂರೂ ಒಂದೇ ಜಾತಿಯ ಗಿಡದ ಎಲೆ. ಕಿತ್ತ ಎಲೆಯ ಮೇಲೆ ಗಾಳಿಯ ಆಮ್ಲಜನಕಕ್ಕೆ ಎಷ್ಟು ಹೊತ್ತು ಕೆಲಸ ಮಾಡಲು ಬಿಟ್ಟರು ಎಂಬುದರಲ್ಲಿದೆ ವ್ಯತ್ಯಾಸ. ಗ್ರೀನ್ ಟೀಯಲ್ಲಿ ಶುರುವಿಗೇ ಬಿಸಿ ತಾಗಿಸಿ ತಡೆಯುತ್ತಾರೆ, ಕಪ್ಪು ಟೀಯಲ್ಲಿ ಪೂರ್ತಿ ಬಿಡುತ್ತಾರೆ, ಊಲಾಂಗ್ ನಡುವೆ ನಿಲ್ಲುತ್ತದೆ. ಈ ನಡು ಅನ್ನುವುದು ಸಣ್ಣ ಜಾಗವಲ್ಲ, ಸುಮಾರು ಶೇ. 10ರಿಂದ ಶೇ. 80ರವರೆಗೆ ಹರಡಿಕೊಂಡಿದೆ. ತೈವಾನಿನ ಬಾವ್‌ಝೋಂಗ್ ಒಂದು ತುದಿ, ಹೂವಿನ ಪರಿಮಳದ ಗ್ರೀನ್ ಟೀ ಅಂದರೂ ನಡೆದೀತು. ಅದೇ ತೈವಾನಿನ ಓರಿಯೆಂಟಲ್ ಬ್ಯೂಟಿ ಇನ್ನೊಂದು ತುದಿ, ಜೇನಿನ ವಾಸನೆ, ಕೆಂಪು ಬಣ್ಣ. ಚೀನಾದ ಫುಜಿಯಾನ್ ಪ್ರಾಂತದ ವೂಯಿ ಬೆಟ್ಟಗಳದ್ದು ಇದ್ದಿಲ ಶಾಖದಲ್ಲಿ ಹುರಿದ ಗಾಢ ಟೀ. ‘ಊಲಾಂಗ್ ರುಚಿ ಹೇಗಿರುತ್ತೆ?’ ಎಂದು ಯಾರಾದರೂ ಕೇಳಿದರೆ ಯಾವ ಊಲಾಂಗ್ ಎಂದು ನಾನು ತಿರುಗಿ ಕೇಳುವುದು ಅದಕ್ಕೇ.

ಮಾಡುವ ಕ್ರಮ ಗೊತ್ತಿದ್ದರೆ ಕೊಳ್ಳುವುದು ಸುಲಭ. ಇದಕ್ಕೆ ಎಳೆ ಕುಡಿ ಮಾತ್ರ ಸಾಲದು, ಕುಡಿಯ ಕೆಳಗಿನ ಸ್ವಲ್ಪ ಬಲಿತ ಎಲೆಗಳೂ ಬೇಕು. ಬಿಸಿಲಲ್ಲಿ ಬಾಡಿಸಿ, ನೆರಳಿಗೆ ತಂದು, ಬಿದಿರಿನ ಮೊರಗಳಲ್ಲಿ ಹರಡಿ ಆಗಾಗ ಕುಲುಕುತ್ತಾರೆ. ಎಲೆಗಳು ಒಂದಕ್ಕೊಂದು ತಾಗಿ ಅಂಚು ಜಜ್ಜಿಹೋಗುತ್ತದೆ; ಜಜ್ಜಿದಲ್ಲಿ ಕೆಂಪಾಗುತ್ತದೆ. ಕುಲುಕುವುದು, ಸುಮ್ಮನೆ ಬಿಡುವುದು, ಮತ್ತೆ ಕುಲುಕುವುದು, ಎಷ್ಟೋ ಕಡೆ ರಾತ್ರಿಯೆಲ್ಲ ಇದೇ ಕೆಲಸ. ಪರಿಮಳ ಹದಕ್ಕೆ ಬಂತು ಅನ್ನಿಸಿದಾಗ ಕಾದ ಬಾಣಲೆಗೆ ಸುರಿದು ನಿಲ್ಲಿಸುತ್ತಾರೆ. ಆಮೇಲೆ ಹೊಸೆಯುವುದು, ಒಣಗಿಸುವುದು, ಬೇಕಿದ್ದರೆ ಹುರಿಯುವುದು. ಕೆಲವನ್ನು ಬಟ್ಟೆಯಲ್ಲಿ ಬಿಗಿದು ಉರುಳಿಸಿ ಮೆಣಸಿನ ಕಾಳಿಗಿಂತ ತುಸು ದೊಡ್ಡ ಗುಂಡು ಮಾಡುತ್ತಾರೆ.

ಈ ಗುಂಡು ಬಿಸಿನೀರಲ್ಲಿ ಬಿಚ್ಚಿಕೊಂಡ ಮೇಲೆ ಒಂದೆಲೆ ತೆಗೆದು ಬಿಳಿ ತಟ್ಟೆಯ ಮೇಲೆ ಬೆರಳಲ್ಲಿ ಹರಡಿ ನೋಡಬೇಕು. ಚೆನ್ನಾಗಿ ಮಾಡಿದ ನಡುಹದದ ಊಲಾಂಗ್ ಆದರೆ ಒಡಲು ಹಸಿರು, ಅಂಚಿನಲ್ಲಿ ಇಟ್ಟಿಗೆ ಬಣ್ಣದ ಕೆಂಪು, ದಂಟಿಗೆ ಇನ್ನೂ ಕಚ್ಚಿಕೊಂಡ ಎಲೆಗಳು. ಎಲ್ಲ ಒಂದೇ ಹಸಿರಾಗಿದ್ದರೆ ಕುಲುಕುವ ಕೆಲಸದಲ್ಲಿ ಕಳ್ಳತನವಾಗಿದೆ ಎಂದು ಅನುಮಾನಿಸಬಹುದು. ಎಲೆ ಬಿಚ್ಚಿಕೊಳ್ಳದೆ ಕಪ್ಪಗೆ ಮುದುರಿಕೊಂಡೇ ಇದ್ದರೆ ಹುರಿದದ್ದು ಅತಿಯಾಗಿದೆ. ನಾವು ದಿನಾ ಕುದಿಸುವ ಟೀಪುಡಿಯಲ್ಲಿ ಹೀಗೆ ಓದಲು ಏನೂ ಉಳಿದಿರುವುದಿಲ್ಲ. 1930ರಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಮಾಡಿದ ಸಿಟಿಸಿ ಯಂತ್ರ ಎಲೆಯನ್ನು ಅರೆದು, ಹರಿದು, ಕಾಳು ಮಾಡುತ್ತದೆ. ಹಾಲಿಗೆ ಅದೇ ಸರಿ. ಊಲಾಂಗ್‌ನಲ್ಲಿ ಮಾತ್ರ ಎಲೆ ಇಡಿಯಾಗಿ ಕೈಗೆ ಸಿಗುತ್ತದೆ. ಅದನ್ನು ನೋಡದೆ ದುಡ್ಡು ಕೊಡಬಾರದು.

ಇನ್ನು ರುಚಿ. ಟೀ ಅಂಗಡಿಗಳಲ್ಲಿ ರುಚಿ ತೋರಿಸುವವರು ಪುಟ್ಟ ಪಾತ್ರೆಯಲ್ಲಿ ಎಲೆ ಧಾರಾಳ ಹಾಕಿ, 20 ಸೆಕೆಂಡಿಗೆ ಬಗ್ಗಿಸಿ, ಬೆಚ್ಚಗಿನ ಬಟ್ಟಲಲ್ಲಿ ಕೊಡುತ್ತಾರೆ. ಕುಡಿಯಲು ಅದು ಒಳ್ಳೆಯ ಕ್ರಮ, ನಾನೂ ಮನೆಯಲ್ಲಿ ಹಾಗೇ ಮಾಡುತ್ತೇನೆ. ಆದರೆ ಆ 20 ಸೆಕೆಂಡಿನಲ್ಲಿ ಎಂಥ ಎಲೆಯೂ ತನ್ನ ಪರಿಮಳವನ್ನಷ್ಟೇ ಬಿಟ್ಟುಕೊಡುತ್ತದೆ, ದೋಷ ಒಳಗೇ ಉಳಿಯುತ್ತದೆ. ಟೀ ವ್ಯಾಪಾರದ ರುಚಿಗಾರರು ಮಾಡುವುದು ತದ್ವಿರುದ್ಧ. 1980ರಲ್ಲಿ ಮೊದಲು ಹೊರಬಂದ ಐಎಸ್‌ಒ 3103 ಎಂಬ ಅಂತಾರಾಷ್ಟ್ರೀಯ ಮಾನದಂಡ ಇದೆ: 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಕುಡಿದು ಖುಷಿಪಡಲು ಅಲ್ಲ ಅದು, ಎಲೆಯ ಬಾಯಿ ಬಿಡಿಸಲು. ನಾನು ಸ್ಯಾಂಪಲ್ ತಂದ ಮೊದಲ ಸಲ ಯಾವಾಗಲೂ ಹೀಗೇ ಮಾಡುತ್ತೇನೆ. ಚಿಲ್ಲರೆ ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದೇ ಅಳತೆಯ ಬಿಳಿ ಬಟ್ಟಲುಗಳು, ಮೊಬೈಲ್‌ನಲ್ಲಿ ಟೈಮರ್. ಎರಡು ಮೂರು ಟೀ ಪಕ್ಕಪಕ್ಕ ಇಡಬೇಕು. ಒಂದೇ ಟೀ ಒಂಟಿಯಾಗಿ ಕುಡಿದರೆ ನಾಲಿಗೆ ಅದನ್ನೇ ಚೆನ್ನಾಗಿದೆ ಎಂದು ಒಪ್ಪಿಕೊಂಡುಬಿಡುತ್ತದೆ. ಚಮಚದಲ್ಲಿ ತೆಗೆದು ಗಾಳಿಯ ಜೊತೆ ಸೊರ್ರನೆ ಎಳೆಯಬೇಕು, ಪರಿಮಳ ಮೂಗಿನ ಹಿಂಭಾಗಕ್ಕೆ ಏರಲೆಂದು. ‘ಚಿಕ್ಕವನಿದ್ದಾಗ ಸಾರು ಹೀಗೆ ಸೊರಗುಟ್ಟಿದ್ದಕ್ಕೆ ಬೆನ್ನಿಗೆ ಕೊಟ್ಟಿದ್ದೆ, ಈಗ ದುಡ್ಡು ಕೊಟ್ಟು ಕಲಿತು ಬಂದಿದ್ದೀಯ’ ಅಂತಾರೆ ಅಮ್ಮ.

ಈ ಕಠಿಣ ಪರೀಕ್ಷೆಯಲ್ಲಿ ಏನನ್ನು ಹುಡುಕಬೇಕು? ಹಸಿಹುಲ್ಲಿನ ವಾಸನೆ ಬಂದರೆ ಬಾಡಿಸಿದ್ದು ಸಾಲದು. ಬರೀ ಇದ್ದಿಲ ವಾಸನೆ ಬಂದು ಹಿಂದೆ ಏನೂ ಇಲ್ಲದಿದ್ದರೆ ಹಳೆಯ ದಾಸ್ತಾನನ್ನು ಮತ್ತೆ ಹುರಿದು ಹೊಸದು ಮಾಡಿರಬಹುದು. ವ್ಯಾಪಾರದಲ್ಲಿ ಇದು ನಡೆಯುವಂಥದ್ದೇ. ಕಹಿಯನ್ನೂ ಒಗರನ್ನೂ ಬೇರೆ ಮಾಡಿ ನೋಡುವುದು ಮುಖ್ಯ. ಒಗರು ಇದ್ದರೆ ಗಾಬರಿ ಬೇಡ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಬಾಯಿ ಸಿಹಿಯಾಗುತ್ತದಲ್ಲ, ಒಳ್ಳೆಯ ಊಲಾಂಗ್‌ನ ಒಗರೂ ಹಾಗೆ ತಿರುಗಿ ಗಂಟಲಲ್ಲಿ ಸಿಹಿ ಬಿಡುತ್ತದೆ. ನಾಲಿಗೆಯ ಬುಡದಲ್ಲಿ ಕೂತು ಏಳದ ಕಹಿ ಬೇರೆ. ಅದಿದ್ದರೆ ಆ ಟೀ ಬೇಡ. 6 ನಿಮಿಷ ಕುದಿನೀರಲ್ಲಿ ನಿಂತೂ ಕುಡಿಯುವಂತಿದ್ದ ಟೀ ಆಮೇಲೆ ನಿಧಾನವಾಗಿ ಮಾಡಿಕೊಂಡಾಗ ನನಗೆ ನಿರಾಶೆ ಮಾಡಿದ್ದಿಲ್ಲ.

ಇಷ್ಟೆಲ್ಲ ಅಳೆದರೂ ನೀರು ಕೈಕೊಟ್ಟರೆ ಮುಗಿಯಿತು. ನಮ್ಮ ಕಡೆ ಮನೆಯ ಸಂಪ್‌ಗೆ ಒಂದು ದಿನ ಕಾವೇರಿ, ಇನ್ನೊಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಬೋರ್ ನೀರಿನ ಸುಣ್ಣದಂಶ ಊಲಾಂಗ್‌ನ ಹೂವಿನ ಪರಿಮಳವನ್ನು ಮುಚ್ಚಿಹಾಕುತ್ತದೆ, ಬಣ್ಣ ಮಂಕಾಗಿ ಮೇಲೊಂದು ತೆಳ್ಳನೆಯ ಪೊರೆ ಕಟ್ಟುತ್ತದೆ. ಹಾಗೆಂದು ಆರ್‌ಒ ನೀರೇ ಪರಿಹಾರವೂ ಅಲ್ಲ. ಲವಣ ಪೂರ್ತಿ ಸೋಸಿಹೋದ ನೀರಲ್ಲಿ ಟೀ ಪೇಲವ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹತ್ತಿರ ಪೈಪಿನಲ್ಲಿ ಬರುವ ಕಾವೇರಿ ನೀರನ್ನು ಸಾದಾ ಕಾರ್ಬನ್ ಫಿಲ್ಟರಿನಲ್ಲಿ ಸೋಸಿಕೊಂಡರೆ ಸಾಕು. ಬೋರ್ ನೀರು ಬಂದ ದಿನ ಅದಕ್ಕೆ ಆರ್‌ಒ ನೀರು ಬೆರೆಸುತ್ತೇನೆ. ಒಂದೇ ಎಲೆಯನ್ನು ಮೂರು ನೀರಲ್ಲಿ ಮಾಡಿ ಮನೆಯವರ ಮುಂದಿಟ್ಟಾಗ, ಟೀ ಗೊಡವೆಗೇ ಬಾರದ ನನ್ನ ಮಗಳು ‘ಅಪ್ಪ, ಇವು ಮೂರು ಬೇರೆ ಬೇರೆ ಟೀ ಅಲ್ವಾ?’ ಅಂದಳು. ಇನ್ನೊಂದು ಸವಲತ್ತು ನಮಗೆ ಪುಕ್ಕಟೆ ಸಿಕ್ಕಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಪೊಟ್ಟಣದ ಮೇಲೆ 95 ಡಿಗ್ರಿ ಎಂದು ಬರೆದಿದ್ದರೆ ಥರ್ಮಾಮೀಟರ್ ಕೊಳ್ಳುವ ಖರ್ಚು ಬೇಡ, ಕುದಿಸಿ ಒಂದು ಗಳಿಗೆ ಬಿಟ್ಟು ಹಾಕಿದರಾಯಿತು. ದುಬಾರಿ ಯಿಶಿಂಗ್ ಮಣ್ಣಿನ ಕುಡಿಕೆಯೂ ಬೇಡ. ಮುಚ್ಚಳ ಇರುವ 100 ಮಿಲಿಲೀಟರಿನ ಪಿಂಗಾಣಿ ಬಟ್ಟಲು ಸಾಕು.

ಹೆಸರುಗಳಿಗೆ ಮರುಳಾಗುವ ವಿಷಯ. ‘ಮಿಲ್ಕ್ ಊಲಾಂಗ್’ ಎಂದು ಮಾರುವುದಿದೆ, ಹಾಲಿನ ಕೆನೆಯ ಪರಿಮಳದ್ದು. ನಿಜವಾದದ್ದು ಜಿನ್ ಶುವಾನ್ ಎಂಬ ತೈವಾನ್ ತಳಿಯ ಎಲೆ. ಅದರಲ್ಲಿ ಆ ಗುಣ ಇರುವುದು ಬಹಳ ಮೆಲುವಾಗಿ. ಪೊಟ್ಟಣ ಬಿಚ್ಚುತ್ತಲೇ ಬೇಕರಿಯ ಮುಂದೆ ನಿಂತಂತೆ ವಾಸನೆ ಹೊಡೆದರೆ ಅದು ಸೇರಿಸಿದ ಫ್ಲೇವರ್. ಮೂರನೆಯ ಸಲ ನೀರು ಹಾಕುವ ಹೊತ್ತಿಗೆ ಆ ವಾಸನೆ ಮಾಯ, ಉಳಿದದ್ದು ಸಪ್ಪೆ ಎಲೆ. ನಗರದ ಒಂದು ದೊಡ್ಡ ಮಾಲ್‌ನ ಅಂಗಡಿಯಲ್ಲಿ ಇದೇ ಮಾಲನ್ನು ಎತ್ತರದ ಬೆಟ್ಟದ ಅಪರೂಪದ ಟೀ ಎಂದು ವಿವರಿಸಿದರು. ಯಾವ ಬೆಟ್ಟ, ಯಾವ ತಿಂಗಳ ಕೊಯ್ಲು ಎಂದಾಗ ಉತ್ತರವಿರಲಿಲ್ಲ. ಜೊತೆಗೆ ಬೆಲೆ. ಹೊರದೇಶದ ಟೀಗೆ ಭಾರತದಲ್ಲಿ ಆಮದು ಸುಂಕ ಶೇ. 100. ತೈವಾನಿನಲ್ಲಿ ಮಧ್ಯಮ ದರ್ಜೆ ಅನ್ನಿಸಿಕೊಳ್ಳುವ ಎಲೆಗೆ ಇಲ್ಲಿ ನಾವು ಮೊದಲ ದರ್ಜೆಯ ದುಡ್ಡು ಕೊಡುತ್ತೇವೆ.

ಅದಕ್ಕೇ ನನ್ನ ಹುಡುಕಾಟ ಬರಬರುತ್ತಾ ನೀಲಗಿರಿಗೆ ತಿರುಗಿತು. ನಮ್ಮಲ್ಲೂ ಟೀ ತೋಟಗಳಿವೆ, ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಡೆಯ ಕಾಡುಮನೆ. ಮನೆಯ ಹಾಲಿನ ಟೀಗೆ ನಾನು ಅವನ್ನೇ ತರುವುದು. ಊಲಾಂಗ್‌ಗೆ ಮಾತ್ರ ಬಂಡೀಪುರ ದಾಟಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚಿರುವುದರಿಂದ ಗುಂಡ್ಲುಪೇಟೆಯಲ್ಲಿ ತಿಂಡಿ ತಿಂದು ಗೇಟು ದಾಟಿದರೆ ಮಧ್ಯಾಹ್ನದ ಊಟಕ್ಕೆ ಕೂನೂರು. ಗ್ಲೆಂಡೇಲ್, ಬಿಲ್ಲಿಮಲೈನಂಥ ತೋಟಗಳ ಇಡಿ ಎಲೆಯ ಟೀಗಳು ಇಲ್ಲಿಯವು. ಸುಮಾರು 8,000 ಅಡಿ ಎತ್ತರದ ಕೊರಕುಂದಾ ತೋಟವೂ ಈ ಬೆಟ್ಟಗಳಲ್ಲೇ ಇದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ಹಿಮ ಬೀಳುವ ಹೊತ್ತಿನಲ್ಲಿ ಚಿಗುರು ನಿಧಾನವಾಗಿ ಬರುತ್ತದೆ, ಪರಿಮಳ ಗಟ್ಟಿಯಾಗುತ್ತದೆ. ಅಲ್ಲಿ ಇದನ್ನು ಫ್ರಾಸ್ಟ್ ಟೀ ಅನ್ನುತ್ತಾರೆ. ಆ ಕೊಯ್ಲಿನ ಊಲಾಂಗ್ ಸಿಕ್ಕರೆ ಬಿಡಬಾರದು.

ಕೋತಗಿರಿಯ ಹತ್ತಿರದ ಹಟ್ಟಿಯೊಂದರಲ್ಲಿ ಬಡಗ ಸಮುದಾಯದ ಸಣ್ಣ ಬೆಳೆಗಾರರೊಬ್ಬರ ಜೊತೆ ಮಾತಾಡುತ್ತಾ ಕೂತಿದ್ದೆ. ಅವರ ಬಡಗು ನನಗೆ ಮುಕ್ಕಾಲು ಅರ್ಥವಾಗುತ್ತಿತ್ತು, ನನ್ನ ಕನ್ನಡ ಅವರಿಗೆ ಪೂರ್ತಿ. ಹಸಿ ಎಲೆಯನ್ನು ಕಿಲೋ ಲೆಕ್ಕದಲ್ಲಿ ಕಾರ್ಖಾನೆಗೆ ಹಾಕುತ್ತಾರೆ, ಅಲ್ಲಿ ಅದು ಸಿಟಿಸಿ ಪುಡಿಯಾಗುತ್ತದೆ. ಊಲಾಂಗ್ ಮಾಡಿದರೆ ಬೆಲೆ ಬರುತ್ತದಲ್ಲ ಎಂದಾಗ ಅವರು ನಕ್ಕು, ಕೈಯಲ್ಲಿ ಎಲೆ ಬಿಡಿಸಿ ರಾತ್ರಿಯೆಲ್ಲ ಕಾಯಲು ಆಳು ಎಲ್ಲಿ, ಕಾದರೂ ಕೊಳ್ಳುವವರು ಎಲ್ಲಿ ಎಂದರು. ಮಾಡಿದವರಿಂದ ನೇರ ಕೊಳ್ಳಬೇಕು ಎಂಬ ನನ್ನ ಹಟಕ್ಕೆ ಆ ಮಾತೂ ಕಾರಣ.

ದುಬಾರಿ ಚಟ ಎಂದು ಮೂಗು ಮುರಿಯುವವರಿಗೆ ಲೆಕ್ಕ ಹೇಳುತ್ತೇನೆ. 100 ಗ್ರಾಂಗೆ 800 ರೂಪಾಯಿ ಅಂದುಕೊಳ್ಳಿ. ಒಂದು ಸಲಕ್ಕೆ 5 ಗ್ರಾಂ, ಅಂದರೆ 40 ರೂಪಾಯಿ. ಆ 5 ಗ್ರಾಂಗೆ ಮತ್ತೆ ಮತ್ತೆ ನೀರು ಹಾಕಿ ಐದಾರು ಬಟ್ಟಲು ತೆಗೆಯಬಹುದು. ಬಟ್ಟಲಿಗೆ ಏಳೆಂಟು ರೂಪಾಯಿ. ಒಂದೇ ಸಲ ಕುದಿಸಿ ಚೆಲ್ಲುವವರಿಗೆ ಮಾತ್ರ ಇದು ದುಬಾರಿ.

ಡಬ್ಬವನ್ನು ಅಡುಗೆಮನೆಯ ಮೇಲಿನ ಸ್ಟ್ಯಾಂಡಿನಲ್ಲಿ ಸಾರಿನ ಪುಡಿಯ ಪಕ್ಕ ಇಡಬೇಡಿ, ಟೀ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಹಸಿರು ಬಗೆಯನ್ನು ಬೇಗ ಮುಗಿಸಿ, ಹುರಿದದ್ದು ತಡೆಯುತ್ತದೆ.

ಶುರು ಮಾಡುವವರಿಗೆ ನನ್ನ ಸಲಹೆ: ನೀಲಗಿರಿಯ ಊಲಾಂಗ್ ಎರಡು ಬೇರೆ ತೋಟಗಳದ್ದು, ಒಂದೊಂದು 25 ಗ್ರಾಂ ತರಿಸಿ. ತೋಟದ ಹೆಸರು, ಕೊಯ್ಲಿನ ತಿಂಗಳು, ವರ್ಷ ಮೂರನ್ನೂ ಕೇಳಿ, ಹೇಳದವರಲ್ಲಿ ಕೊಳ್ಳಬೇಡಿ. 2 ಗ್ರಾಂ, 100 ಮಿಲಿಲೀಟರ್, 6 ನಿಮಿಷ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಹಿಡಿಸದಿದ್ದರೆ ಉಳಿದದ್ದನ್ನು ಯಾರಿಗಾದರೂ ಕೊಟ್ಟು ಕಾಫಿಗೇ ಮರಳಿ. ಹಿಡಿಸಿದರೆ ಮುಂದಿನ ಫ್ರಾಸ್ಟ್ ಕೊಯ್ಲಿಗೆ ತೋಟದವರಿಗೆ ನವೆಂಬರಿನಲ್ಲೇ ಹೇಳಿಡಿ.